ಅಂಗೈಗೆ ಹತ್ತದ ನೀಲಿ

ಅಂಗೈಯಷ್ಟೇ ಜಾಗದಲ್ಲಿ ನೆಲಸಿ, ಅಳೆಯಹೋದವರ ಅಳವಿಗೆ ಸಿಕ್ಕದ ಲಿಂಗಯ್ಯನಿಗೆ ಶರಣು. ಕೈಹಿಡಿದು ಅಕ್ಷರ ತಿದ್ದಿಸಿದ ಗುರುವಿಗೆ ಶರಣು.

ಶಾಲಿವಾಹನ ಶಕ ೧೮೬೧, ಪ್ರಮಾಥಿ ನಾಮ ಸಂವತ್ಸರ, ಉತ್ತರಾಯಣ, ವಸಂತ ಋತು, ವೈಶಾಖ ಶುದ್ಧ ತದಿಗೆ, ಶನಿವಾರ. ಸರಕಾರಿ ಫಸಲಿ ೧೩೪೮. ಮಸ್ಕಿ. ಪ್ರಾತಃಕಾಲ.

ಸ್ನಾನ, ಲಿಂಗಪೂಜೆ ಆಯಿತು. ಬರೆಯಲು ಕುಳಿತೆ. ಆರು ಸಾಲಿಗೆ ಕೈ ಸೋತಿತು. ಜೊಂಡಿನ ಲೆಕ್ಕಣಿಕೆಯನ್ನು ಸಾಲುಸಾಲಿಗೂ ಮಸಿಯ ದೌತಿಯಲ್ಲಿ ಅದ್ದಬೇಕು. ಅದ್ದಿದ ಕೈ ಹಾಳೆಗೆ ಮರಳುವಷ್ಟರಲ್ಲಿ ನಡುಗಿ ಒಂದು ತೊಟ್ಟು ಉದುರುತ್ತದೆ. ಇಂದು ಎರಡು ಹಾಳೆ ಕೆಟ್ಟವು. ನಿನ್ನೆ ಒಂದು.

ಸಂತೆಕಲ್ಲೂರಿನ ಬಸವಂತರಾಯರು ಕಣ್ಣು ಮುಚ್ಚುವ ಮುನ್ನ ನನ್ನಿಂದ ಬೇಡಿದ್ದು ಒಂದೇ: ಮನೆಯ ಪುರಾಣದ ಹೊತ್ತಿಗೆಯನ್ನು ಗೆದ್ದಲಿಗೆ ಬಿಡದೆ ಪ್ರತಿ ಮಾಡಿಕೊಡಬೇಕು. ಒಪ್ಪಿದೆ. ಎರಡು ವರ್ಷವಾಯಿತು. ಶ್ರಾವಣ ಮಾಸದುದ್ದಕ್ಕೂ ಅವರ ಪಡಸಾಲೆಯಲ್ಲಿ ನಾನು ಓದುವ ಹೊತ್ತಿಗೆ ಅದು. ತೊಂಬತ್ತಾರು ಬಿಡಿ ಹಾಳೆ, ಷಟ್ಪದಿ; ಅಂಚಿನ ತುಂಬ ರಾಯರು ಮೂವತ್ತು ವರ್ಷ ತಮ್ಮ ಕೈಯಾರೆ ಬರೆದ ಟಿಪ್ಪಣಿ. ಬರುವ ಗುರುಹುಣ್ಣಿಮೆಗೆ ಹೊಸ ಪ್ರತಿ ಪೀಠವೇರಬೇಕು. ಅಂದೇ ಬೆಳಿಗ್ಗೆ ಜೀರ್ಣವಾದುದನ್ನು ಹರಿಯುವ ನೀರಿಗೆ ಒಪ್ಪಿಸಬೇಕು. ಹಿರಿಯರಿಂದ ಬಂದ ನಡವಳಿಕೆ. ಈ ಜನ್ಮದಲ್ಲಿ ಬೇರೆ ಬೇರೆ ಮನೆಗಳಿಗೆ ಮೂರು ಪ್ರತಿ ಮಾಡಿದ್ದೇನೆ. ಇದು ಕೊನೆಯದು. ಕಣ್ಣೇ ಹೇಳುತ್ತಿದೆ.

ಸಿಂಧನೂರಿನ ಶಾಲೆಯಲ್ಲಿ ಮಾಸ್ತರನಾಗಿರುವ ಮಗ ರೇವಯ್ಯ ಕೊಟ್ಟ ಪೆನ್ನು ಗೂಡಿನಲ್ಲಿತ್ತು. ಅದ್ದುವ ಕೆಲಸವಿಲ್ಲ, ಒಮ್ಮೆ ತುಂಬಿದರೆ ದಿನವಿಡೀ ಬರೆಯುತ್ತದೆ. ಕಾಡಿಗೆ, ಜಾಲಿಯಂಟು, ಅಳಲೆಕಾಯಿಯ ಕಷಾಯ ಕೂಡಿಸಿ ಅರೆದ ನನ್ನ ಮಸಿಯನ್ನೇ ತುಂಬಿ ನೋಡಿದೆ. ಗಂಟಲು ಕಟ್ಟಿಕೊಂಡು ಕುಳಿತಿತು. ಸೊಸೆ ಬಸವಣ್ಣೆಮ್ಮ ಬಿಸಿನೀರಲ್ಲಿ ನೆನೆಯಿಟ್ಟು ಬಿಡಿಸಿದಳು.

"ಕಾಡಿಗಿ ಹಚ್ಚಾಕ ಅದೇನು ಕೂಸೇನ್ರಿ ಮಾವಾರ? ಪ್ಯಾಟಿ ಶಾಯಿ ತರ್ರಿ."

ವೈಶಾಖ ಶುದ್ಧ ಷಷ್ಠಿ, ಮಂಗಳವಾರ. ಸಾಯಂಕಾಲ.

ಲಿಂಗಸುಗೂರಿಗೆ ಹೋಗಿಬಂದೆ. ಮೋಟಾರಿನಲ್ಲಿ ಸೊಂಟದ ಕೀಲು ಕಳಚಿತು. ಬಿಸಿಲು... ಬರೆಯುವ ಮಾತಲ್ಲ.

ಕಚೇರಿಯ ಎದುರಿಗೆ ಯೂನುಸನ ದುಕಾನು. ಕಾಗದ, ಪಾಟಿ, ಶಾಯಿ ಮಾರುತ್ತಾನೆ. ಬಾಯಿ ನಿಲ್ಲದು, ಆದರೆ ಸುಳ್ಳಿಲ್ಲ. ಎರಡು ಬಾಟಲಿ ಮುಂದಿಟ್ಟ.

"ಅಯ್ಯಾರ, ಇದು ಕರಿನೀಲಿ. ಕಚೇರಿ ಮಂದಿ ಒಯ್ಯೋದು ಇದನ್ನ. ಬರಿಯೋ ಮುಂದ ಸಪ್ಪಗ ಕಾಣತೈತಿ, ನಾಕು ದಿನಕ್ಕ ಕರ್ರಗ ಆಗತೈತಿ. ಕಾಗದಕ್ಕ ಕಚ್ಚಿತಂದ್ರ ಬಿಡಂಗಿಲ್ಲ. ಕೈಗೂ ಹಂಗ, ಧೋತರಕ್ಕೂ ಹಂಗ."

"ಇನ್ನೊಂದು?"

"ಇದು ರಂಗಿನ ನೀಲಿ. ನೋಡ್ರಿಲ್ಲೆ." ಹಾಳೆಯ ಮೇಲೆ ಒಂದು ಗೆರೆ ಎಳೆದ.

ಕಣ್ಣು ತಂಪಾಯಿತು. ನವಿಲು ಬಿಸಿಲಿಗೆ ಕೊರಳು ತಿರುಗಿಸಿದಂತೆ. ಇಂಥ ತುಂಬು ನೀಲಿಯನ್ನು ಅಕ್ಷರದಲ್ಲಿ ಕಂಡವನಲ್ಲ. ಈ ಮಂದಗಣ್ಣಿಗೂ ಗೆರೆಯ ಅಂಚು ನಿಚ್ಚಳ. ವಿಷವನ್ನು ಕೊರಳಲ್ಲಿ ಧರಿಸಿದವನ ಕಥೆಗೆ ಈ ಬಣ್ಣವೇ ಒಪ್ಪುವುದಲ್ಲವೆ?

"ಇದು ತೊಳದ್ರ ಹೋಗತೈತಿ ಅಯ್ಯಾರ. ಶಾಲಿ ಹುಡುಗರ ತಾಯಂದಿರು ಇದನ್ನ ಕೇಳಿ ಒಯ್ತಾರ. ನಮಾಜಿಗೆ ಹೋಗೂ ಮುಂದ ನನಗೂ ಇದ ಸಲೀಸು. ಒಂದು ಚರಿಗಿ ನೀರು, ಕೈ ಹಾಲಿನಂಗ ಸಾಫ್. ಆದ್ರ ಪುರಾಣ ಬರಿಯಾಕ ಅಂದ್ರ... ಕರಿನೀಲಿನ ಛಲೋ ಏನೋ."

"ಅದು ದಫ್ತರದ ಬಣ್ಣ ಆತು, ತಮ್ಮಾ."

"ನಿಮ್ಮ ಮರ್ಜಿರೀ. ಎರಡೂ ಒಯ್ಯಿರಿ, ಐದು ದಿನ ನೋಡ್ರಿ. ಕಣ್ಣು ಒಂದು ಹೇಳತೈತಿ, ಕೈ ಒಂದು ಹೇಳತೈತಿ."

ಎರಡನ್ನೂ ತಂದೆ.

ವೈಶಾಖ ಶುದ್ಧ ದಶಮಿ, ಶನಿವಾರ.

ಪರೀಕ್ಷೆ ಮುಗಿಯಿತು.

ಕರಿನೀಲಿ: ಬರೆದಾಗ ಮಳೆನೀರಿನಂತೆ ಪೇಲವ. ಮರುದಿನ ಗಾಢ. ಯೂನುಸ ಹೇಳಿದಂತೆಯೇ. ಆದರೆ ಪೆನ್ನು ತುಂಬುವಾಗ ನಡುಗುವ ಕೈ ಚೆಲ್ಲುತ್ತದೆ. ಲೆಕ್ಕಣಿಕೆಯ ಕಾಲದಲ್ಲಿ ಬೆರಳು ದೌತಿಯಿಂದ ದೂರವಿತ್ತು. ಇಷ್ಟಲಿಂಗವನ್ನು ಎಡದಂಗೈಯಲ್ಲಿ ಇರಿಸಿಕೊಂಡು ಬಲಗೈಯಿಂದ ವಿಭೂತಿ ಧರಿಸಹೋದರೆ ಮೂರು ಬೆರಳೂ ಕರ್ರಗೆ. ಹುಣಸೆ, ಸೀಗೆ, ಬೂದಿ, ಯಾವುದಕ್ಕೂ ಜಗ್ಗಲಿಲ್ಲ. ಮನಸ್ಸು ಲಿಂಗದಲ್ಲಿ ನಿಲ್ಲದೆ ಬೆರಳಲ್ಲಿ ನಿಂತಿತು. ನಾಲ್ಕು ದಿನದ ಪೂಜೆ ಪೂಜೆಯಾಗಲಿಲ್ಲ.

ರಂಗಿನ ನೀಲಿ: ಒಂದು ಬೊಗಸೆ ನೀರು. ಅಂಗೈ ಶುಭ್ರ. ಹತ್ತಿದ್ದೇ ಸುಳ್ಳೆಂಬಂತೆ.

ಮಡಿಗೆ ಭಂಗ ತರದ ಶಾಯಿ. ನಿರ್ಧರಿಸಿದೆ. ಕರಿನೀಲಿಯ ಬಾಟಲಿ ಗೋಡೆಯ ಮಾಡದ ಮೇಲಕ್ಕೆ.

"ಅದರಾಗ ಬರೀರಿ ಮಾವಾರ," ಎಂದಳು ಬಸವಣ್ಣೆಮ್ಮ. "ನಿಮ್ಮ ಧೋತರ ಒಗದು ಒಗದು ನನ್ನ ರಟ್ಟಿ ಬಿದ್ದು ಹೋಗ್ಯಾವ."

ಮಧ್ಯಾಹ್ನ ರಾಯರ ಪತ್ನಿ ವೀರಭದ್ರಮ್ಮ ಬಂಡಿ ಕಟ್ಟಿಸಿಕೊಂಡು ಬಂದರು. ಇಡೀ ಹೊತ್ತಿಗೆಯನ್ನು ಹೊರಗೆ ಕಳಿಸುವವರಲ್ಲ ಅವರು. ಹತ್ತು ಹಾಳೆ ತಂದುಕೊಡುತ್ತಾರೆ. ಬರೆದಾದ ಮೇಲೆ ಅವನ್ನು ಎಣಿಸಿ ಒಯ್ದು ಮುಂದಿನ ಹತ್ತು ತರುತ್ತಾರೆ. ಹೊಸ ನೀಲಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ:

"ಹುಣ್ಣಿವಿ ದಿನ ಹಳೇದನ್ನ ಹಳ್ಳಕ್ಕ ಬಿಡಲೇಬೇಕೇನ್ರಿ ಅಯ್ಯಾರ?"

"ಬಿಡಬೇಕು ತಾಯಿ. ಒಂದು ಪೀಠಕ್ಕ ಎರಡು ಹೊತ್ತಿಗಿ ಕೂಡಂಗಿಲ್ಲ. ರಾಯರ ಟಿಪ್ಪಣಿ ಸಹಿತ ನಾ ಇಳಿಸಾಕತ್ತೀನಲ್ಲ?"

"ನನಗ ಓದಾಕ ಬರಂಗಿಲ್ಲರೀ. ಅವರು ಬರದದ್ದು ಯಾವ್ದು ಅಂತ ಗುರುತು ಹಿಡಿಯಾಕ ಬರತೈತಿ. ನಿಮ್ಮದರಾಗ ಎಲ್ಲಾ ನಿಮ್ಮ ಕೈನ ಕಾಣತೈತಿ."

ನಡವಳಿಕೆ ನಡವಳಿಕೆಯೇ ಎಂದೆ. ಹಾಳೆ ಎಣಿಸಿಕೊಂಡು ಬಂಡಿ ಹತ್ತಿದರು. ಹೇಳಿದ ನನಗೇ ಆಯಾಸವಾಯಿತು.

ಜ್ಯೇಷ್ಠ, ಕಾರಹುಣ್ಣಿಮೆ, ಶುಕ್ರವಾರ.

ಬೀದಿಯಲ್ಲಿ ಎತ್ತುಗಳ ಗೆಜ್ಜೆ. ಹೊರಗೆ ಹೋಗಲಿಲ್ಲ. ಅರವತ್ತೊಂದನೆಯ ಹಾಳೆ ಮುಗಿಯಿತು. ಕಣ್ಣಲ್ಲಿ ನೀರು ನಿಲ್ಲದು, ಕತ್ತು ಕಲ್ಲು. ಆದರೂ ಬರೆದುದನ್ನು ಬಿಸಿಲಿಗೆ ಹಿಡಿದರೆ ಆ ನೀಲಿ... ಮೂರು ಪ್ರತಿಗಳಲ್ಲಿ ಯಾವುದೂ ಇಷ್ಟು ಚೆಲುವಾಗಿರಲಿಲ್ಲ. ಹೆಮ್ಮೆ ಸುಳಿಯಿತು. ಈ ವಯಸ್ಸಿನಲ್ಲಿ ಸಲ್ಲದು.

ಆಷಾಢ, ಗುರುಹುಣ್ಣಿಮೆ, ಶನಿವಾರ. ಸಂತೆಕಲ್ಲೂರು. ಬೆಳಿಗ್ಗೆ.

ತೊಂಬತ್ತಾರೂ ಆದವು. ಹಳೆಯ ಹೊತ್ತಿಗೆಯನ್ನು ಹಳ್ಳಕ್ಕೆ ಒಪ್ಪಿಸಿ ಬಂದೆವು. ವೀರಭದ್ರಮ್ಮನವರೇ ಬಿಳಿಯ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ತಂದಿದ್ದರು. ಬಿಚ್ಚಿ ನೋಡುವುದು ಮರ್ಯಾದೆಯಲ್ಲ. ಗಂಟಿಗೇ ವಿಭೂತಿ ಹಚ್ಚಿ ಮಂತ್ರ ಹೇಳಿದೆ. ತಿರುವಿನವರೆಗೆ ತೇಲಿ ಹೋಯಿತು. ಅವರು ಅಳಲಿಲ್ಲ. ಗಟ್ಟಿ ಮನಸ್ಸಿನವರು.

ಇನ್ನು ಹೊಸದರ ಪೂಜೆ.

ಅದೇ ದಿನ. ಸಾಯಂಕಾಲ.

ಬರೆಯಬೇಕೆ? ಬರೆಯುವೆ.

ಲಿಂಗಪೂಜೆ ಮುಗಿಸಿ ಪಾದೋದಕದ ಬಟ್ಟಲು ಹಿಡಿದು ಕುಳಿತೆ. ಹಾಳೆ ಹಾಳೆಗೂ ಬಿಲ್ವದಳದಿಂದ ಮೂರು ಹನಿ. ಹೊಸ ಹೊತ್ತಿಗೆಗೆ ಅದೇ ಸಂಸ್ಕಾರ. ಹಿಂದಿನ ಮೂರಕ್ಕೂ ಹೀಗೆಯೇ ಮಾಡಿದ್ದೆ. ಕಾಡಿಗೆಯ ಅಕ್ಷರ ಕದಲಿರಲಿಲ್ಲ. ಮಂತ್ರ ಮುಗಿಯುವವರೆಗೆ ನಾನು ಕಣ್ಣು ತೆರೆಯಬಾರದು, ಯಾರೂ ಮಾತಾಡಬಾರದು. ವೀರಭದ್ರಮ್ಮ ಎದುರಿಗೆ ಕುಳಿತು ಒಂದೊಂದೇ ಹಾಳೆ ಮಗುಚುತ್ತಿದ್ದರು. ನಲವತ್ತೊಂದನೆಯ ಹಾಳೆಗೆ ನನ್ನ ಉಸಿರು ಸಾಲದಾಯಿತು. ನಿಲ್ಲಿಸಿ ಕಣ್ಣು ತೆರೆದೆ.

ಅವರು ಎರಡೂ ಅಂಗೈ ಚಾಚಿ ತೋರಿಸಿದರು. ತುಂಬು ನೀಲಿ.

"ಅಯ್ಯಾರ... ಅಕ್ಷರ ನನ್ನ ಕೈಗೆ ಬಂದ್ವಲ್ರೀ."

ಹಾಳೆಗಳನ್ನು ಎಳೆದುಕೊಂಡೆ. ಒದ್ದೆಯ ಮೇಲೆ ಒದ್ದೆ ಕೂತು ಎಲ್ಲ ಕಲೆತುಹೋಗಿತ್ತು. ಸಾಲಿಲ್ಲ, ಅಂಚಿಲ್ಲ.

"ಹನಿ ಬಿದ್ದಲ್ಲೆಲ್ಲಾ ಹೂ ಅರಳಿದಂಗ ಕಾಣತಿತ್ತು," ಎಂದರು. "ನಾ ದೇವರು ಒಪ್ಪಿಕೊಂಡ ಅನ್ಕೊಂಡೆ."

ಎದ್ದು ಹೋಗಿ ಕೈ ತೊಳೆದು ಬಂದರು. ಅಂಗೈ ಹಾಲಿನಂತೆ ಶುಭ್ರವಾಗಿತ್ತು.

ಆಷಾಢ ಬಹುಳ ಅಷ್ಟಮಿ, ಭಾನುವಾರ. ಮಸ್ಕಿ.

ಜ್ವರ ಇಳಿದಿದೆ. ಗಂಜಿ.

ಷಟ್ಪದಿ ಬಾಯಿಗೆ ಬರುತ್ತದೆ. ನಲವತ್ತು ವರ್ಷ ಓದಿದ್ದೇನೆ. ರಾಯರ ಟಿಪ್ಪಣಿ ಬಾರದು. ನಾಲ್ಕು ನೆನಪಾಗುತ್ತವೆ, ಐದನೆಯದಕ್ಕೆ ಕತ್ತಲೆ. ಮೂಲವನ್ನು ನೀರಿಗೆ ಬಿಡಿಸಿದವನು ನಾನು. ಬೇಡವೇನೋ ಎಂದವರಿಗೆ ನಡವಳಿಕೆ ಹೇಳಿದವನೂ ನಾನು. ಸಾಯುವವನಿಗೆ ಕೊಟ್ಟ ಮಾತು ನೀರಿನಲ್ಲಿ ಕರಗಿತು.

ಯೂನುಸನ ತಪ್ಪಿಲ್ಲ. ಅವನು ಹೇಳಿಯೇ ಇದ್ದ. ನಾನು ಕೇಳಿಯೂ ಇದ್ದೆ.

ಆಷಾಢ ಬಹುಳ ದಶಮಿ, ಮಂಗಳವಾರ.

ವೀರಭದ್ರಮ್ಮ ಬಂದರು. ಮಡಿಲಲ್ಲಿ ಗಂಟು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಬೈಯಂಗಿದ್ರ ಮೊದಲ ಬೈದುಬಿಡ್ರಿ ಅಯ್ಯಾರ. ಆಮ್ಯಾಲೆ ಬಿಚ್ತೀನಿ."

ಬೈಯಲು ಶಕ್ತಿಯೂ ಇಲ್ಲವೆಂದೆ. ಬಿಚ್ಚಿದರು. ಗೆದ್ದಲು ತಿಂದ ಮೂಲೆ... ರಾಯರ ಓರೆ ಅಕ್ಷರ... ತೊಂಬತ್ತಾರೂ ಹಾಳೆ.

ಒಂದು ಹಾಳೆಯನ್ನು ಕಣ್ಣ ಹತ್ತಿರಕ್ಕೆ ಹಿಡಿದು ನೋಡಿದೆ.

"ಹಂಗಾದ್ರ ಹಳ್ಳಕ್ಕ ಬಿಟ್ಟದ್ದು?"

"ಪಂಚಾಂಗರೀ. ಅವರ ಕಾಲದ್ದು, ಹನ್ನೆರಡು ವರ್ಷದ ಹಳೇ ಪಂಚಾಂಗ. ತೂಕಕ್ಕ ಸರಿ ಬಂದ್ವು."

"ನಾ ಅದಕ್ಕ ಮಂತ್ರ ಹೇಳೀನಿ, ತಾಯಿ!"

"ತಿಥಿ ವಾರಕ್ಕೂ ಒಮ್ಮೆ ಮುಕ್ತಿ ಸಿಗಲಿ ಬಿಡ್ರಿ."

ಬಸವಣ್ಣೆಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ವೀರಭದ್ರಮ್ಮ ನಗಲಿಲ್ಲ. ಹತ್ತು ದಿನದ ನಿದ್ದೆಗೇಡು ಮುಖದಲ್ಲಿತ್ತು.

"ನಾ ಗುರುವಿಗೆ ಸುಳ್ಳು ಹೇಳಿದ್ದಕ್ಕ ಹಾಳಿ ಅಳಿಸಿ ಹೋಗ್ಯಾವಂತ ಅನಸಾಕತ್ತೈತಿ. ಹೇಳಿಬಿಡ್ರಿ. ನಂದ ಪಾಪ ಏನ್ರಿ?"

"ಅಲ್ಲ ತಾಯಿ. ತೊಳದ್ರ ಹೋಗತೈತಿ ಅಂತ ದುಕಾನದಾವ ಬಾಯಿಬಿಟ್ಟು ಹೇಳಿದ್ದ. ನಾ ನನ್ನ ಕೈ ಒಂದ ನೋಡಿಕೊಂಡೆ, ಹಾಳಿ ನೋಡಲಿಲ್ಲ."

ಆಗ ನೀರು ಕುಡಿದರು. ಅವರು ನನ್ನ ಮಾತು ಕೇಳಿದ್ದರೆ ರಾಯರು ಎರಡನೆಯ ಸಲ ಸಾಯುತ್ತಿದ್ದರು. ಕೇಳಲಿಲ್ಲ. ಈ ಸಲ ಹತ್ತು ಹಾಳೆಯಲ್ಲ, ಇಡೀ ಗಂಟನ್ನೇ ನನ್ನಲ್ಲಿ ಬಿಟ್ಟು ಹೋದರು. ಎಣಿಸಲೂ ಇಲ್ಲ.

ಮಾಡದ ಮೇಲಿನ ಕರಿನೀಲಿ ಇಳಿಸಿದೆ. ಅಳಿಯದೆ ಉಳಿದ ಐವತ್ತೈದು ಹಾಳೆಯನ್ನೂ ನಂಬುವಂತಿಲ್ಲ. ಪೂಜೆಯ ಮನೆಯಲ್ಲಿ ಒದ್ದೆ ಕೈ ತಪ್ಪದು. ಮೊದಲಿನಿಂದ ಬರೆಯಬೇಕು. ಈ ವರ್ಷ ಅಧಿಕ ಶ್ರಾವಣ ಬಂದಿದೆ. ಪುರಾಣ ಓದಲು ಹಚ್ಚುವುದು ನಿಜ ಶ್ರಾವಣದಲ್ಲಿ. ಶುಭಕಾರ್ಯಕ್ಕೆ ಒದಗದ ತಿಂಗಳೆಂದು ಲೋಕ ಬಿಟ್ಟದ್ದು ನನ್ನ ಪಾಲಿಗೆ.

ಅಧಿಕ ಶ್ರಾವಣ ಬಹುಳ ಪಂಚಮಿ, ಶನಿವಾರ.

ಐವತ್ತೆಂಟು ಹಾಳೆ ಆದವು. ಬಲಗೈ ಊದಿದೆ. ಸೊಸೆ ಎಳ್ಳೆಣ್ಣೆ ತಿಕ್ಕುತ್ತಾಳೆ; ಧೋತರದ ಮಾತೆತ್ತುವುದಿಲ್ಲ.

ಬೆಳಿಗ್ಗೆ ಪೂಜೆಗೆ ಕುಳಿತೆ. ಬೆರಳು ಕಪ್ಪು, ಅಂಗೈಯ ಗೆರೆಗಳಲ್ಲೂ ಕಪ್ಪು. ತಿಕ್ಕಲು ಹೋಗಲಿಲ್ಲ. ಹಾಗೆಯೇ ಲಿಂಗವನ್ನು ಬರಮಾಡಿಕೊಂಡೆ. ಬಹಳ ದಿನಗಳ ಮೇಲೆ ದೃಷ್ಟಿ ಅಲ್ಲಿಯೇ ನಿಂತಿತು. ದಣಿವಿನಿಂದಲೋ... ತಿಳಿಯದು.

ನಿಜ ಶ್ರಾವಣ ಶುದ್ಧ ಪಾಡ್ಯ, ಬುಧವಾರ. ಸಂತೆಕಲ್ಲೂರು. ಪುರಾಣಕ್ಕೆ ಮೊದಲು.

ಎಂಬತ್ತೊಂಬತ್ತು ಆಗಿವೆ. ಉಳಿದ ಏಳನ್ನು ಓದು ಅಲ್ಲಿಗೆ ತಲುಪುವಷ್ಟರಲ್ಲಿ ಮುಗಿಸಬಹುದು. ಕೈ ನಡೆದರೆ.

ಮೂರು ಹನಿಯ ಸಂಸ್ಕಾರ ಬೆಳಿಗ್ಗೆ ಆಯಿತು. ಈ ಸಲ ಕಣ್ಣು ತೆರೆದೇ ಮಂತ್ರ ಹೇಳಿದೆ. ಹನಿ ಬಿತ್ತು, ಒಣಗಿತು. ಅಕ್ಷರ ಇದ್ದಲ್ಲಿಯೇ ಇದೆ. ವೀರಭದ್ರಮ್ಮ ತಮ್ಮ ಅಂಗೈ ಎರಡೆರಡು ಸಲ ತಿರುಗಿಸಿ ನೋಡಿಕೊಂಡರು.

ಪೀಠದ ಮೇಲೆ ಹೊಸದನ್ನಿಟ್ಟು, ಹಳೆಯದನ್ನು ಒಯ್ಯಹೋದ ಅವರನ್ನು ತಡೆದೆ. ಅದಕ್ಕೂ ಜಾಗ ಮಾಡಿದೆ. ಒಂದು ಪೀಠ, ಎರಡು ಹೊತ್ತಿಗೆ.

"ನಡವಳಿಕಿರೀ?" ಎಂದರು.

"ಇವತ್ತಿಂದ ಹಿಂಗ, ತಾಯಿ."

ಉಳಿದ ರಂಗಿನ ನೀಲಿಯನ್ನು ಈ ದಿನಚರಿಗೆಂದು ಪೆನ್ನಿಗೆ ತುಂಬಿಕೊಂಡಿದ್ದೇನೆ. ಈಗಲೂ ಚೆಲುವೇ. ನನ್ನ ಮಾತು ತೊಳೆದರೆ ಹೋಗಲಿ, ನಷ್ಟವಿಲ್ಲ.

ಪಡಸಾಲೆಯಲ್ಲಿ ಜನ ಕೂಡುತ್ತಿದ್ದಾರೆ. ಕರೆ ಬಂತು. ಲಿಂಗಯ್ಯ, ಅಂಚಿನಲ್ಲಿ ಬಾಳಿದ ಬಸವಂತರಾಯರಿಗೆ ಶಾಂತಿ ಕೊಡು. ನನ್ನ ಮಾತು ಮೀರಿದ ವೀರಭದ್ರಮ್ಮನವರಿಗೆ ಒಳ್ಳೆಯ ನಿದ್ದೆ ಕೊಡು. ಬಸವಣ್ಣೆಮ್ಮಳ ರಟ್ಟೆಗೆ ಬಲ, ರೇವಯ್ಯನಿಗೆ ಆಯುಷ್ಯ, ದಿಟವನ್ನೇ ನುಡಿದ ಯೂನುಸನ ದುಕಾನಿಗೆ ತುಂಬು ಗಿರಾಕಿ ಕೊಡು. ಕೇಳಲು ಬಂದವರಿಗೂ ಬಾರದವರಿಗೂ ಮಳೆಬೆಳೆ ಕೊಡು. ಮತ್ತು ಆ ತಿರುವಿನಾಚೆ ತೇಲಿಹೋದ ಹನ್ನೆರಡು ಪಂಚಾಂಗಗಳಿಗೂ ಮುಕ್ತಿ ಕೊಡು.