ಫೆರ್ಮಿನ್ ಅಜ್ಜನ ದೀಡ ನಮಸ್ಕಾರ

ಬೊಬ್ಲಿಂಗೆನ್, ಜರ್ಮನಿ

ಪೂಜ್ಯ ಮಾವನವರಿಗೆ ಸೌಭಾಗ್ಯಳ ಶರಣು.

ಹೋದ ವರ್ಷ ನೀವು ಇಲ್ಲಿಗೆ ಬಂದಾಗ ಕೆಳಮನೆಯ ಸ್ಪೇನಿನ ಫೆರ್ಮಿನ್ ಅಜ್ಜನ ಜೊತೆ ಕೂತು ಫುಟ್‌ಬಾಲ್ ನೋಡಿದಿರಿ, ಸರಿ. ಅವರೂರಿನ ಕ್ಲಬ್ಬನ್ನು ಬೇಕರಿಯವರು ಕಟ್ಟಿದ್ದು, ಅದು ಎರಡು ಸಲ ಮುಚ್ಚಿ ತೆರೆದದ್ದು, ಒಮ್ಮೆಯೂ ಮೇಲಿನ ದರ್ಜೆ ಕಾಣದ್ದು, ಇಷ್ಟನ್ನೂ ನಿಮಗೆ ಕನ್ನಡದಲ್ಲಿ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅದು ಸಾಲದೆಂದು, "ಈ ಸಲ ಕ್ಲಬ್ ಕೆಳಗಿನ ದರ್ಜೆಗೆ ಬೀಳ್ಲಿಲ್ಲಂದ್ರ ನಮ್ಮೂರ ವೀರಭದ್ರನ ಗುಡಿ ಸುತ್ತ ಈ ಅಜ್ಜನ ಕಡಿಂದ ದೀಡ ನಮಸ್ಕಾರ ಹಾಕಸ್ತೀನಿ" ಎಂದು ಅವರ ಹೆಸರಲ್ಲಿ ಹರಕೆ ಹೊತ್ತಿರಿ. ಅದನ್ನೂ ನನ್ನ ಬಾಯಿಂದಲೇ ಅವರಿಗೆ ಹೇಳಿಸಿದಿರಿ!

ಕ್ಲಬ್ ಉಳಿಯಿತು. ಮುದುಕರು ಈಗ ಕ್ಲಬ್ಬಿನ ಅಂಗಿ ತೊಟ್ಟು, ದಿನಾ ಹಿತ್ತಲ ಹುಲ್ಲಿನ ಮೇಲೆ ಉದ್ದಕ್ಕೆ ಮಲಗುತ್ತ ಏಳುತ್ತ ದೀಡ ನಮಸ್ಕಾರದ ಅಭ್ಯಾಸ ಮಾಡುತ್ತಿದ್ದಾರೆ. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಗಾಬರಿಯಾಗಿ ಆಂಬ್ಯುಲೆನ್ಸ್ ಕರೆಸಿದ್ದ.

ನಿನ್ನೆ ತಡೆಯಲಾರದೆ, "ನಮ್ಮ ಮಾವನವರು ಹಾರ್ಟ್ ಆಪರೇಷನ್ನಿಗೆ ಹೆದರಿ ದಿನ ದೂಡುತ್ತಿದ್ದಾರೆ, ಅದು ಮುಗಿಯದೆ ನಿಮ್ಮನ್ನು ಯಾವ ಗುಡಿಗೆ ಕರೆದೊಯ್ಯಲಿ?" ಎಂದುಬಿಟ್ಟೆ. ಅಜ್ಜ ಎದ್ದು ಹುಲ್ಲು ಕೊಡವಿಕೊಂಡರು. ಆಪರೇಷನ್ ಸುಸೂತ್ರವಾದರೆ ತಮ್ಮ ಕ್ಲಬ್ಬಿನ ಮೈದಾನದ ಸುತ್ತ ನಿಮ್ಮಿಂದ ದೀಡ ನಮಸ್ಕಾರ ಹಾಕಿಸುತ್ತಾರಂತೆ. ಹರಕೆ ಹೊತ್ತಾಗಿದೆ.

ಇನ್ನಾದರೂ ಆಸ್ಪತ್ರೆಗೆ ಸೇರಿ. ನಿಮ್ಮ ಅಂಗಿಯ ಅಳತೆಯನ್ನೂ ತಿಳಿಸಿ, ಅಜ್ಜ ಕೇಳುತ್ತಿದ್ದಾರೆ.

ನಿಮ್ಮಿಬ್ಬರ ನಡುವೆ ಸಿಕ್ಕಿಕೊಂಡ ಸೊಸೆ,
ಸೌಭಾಗ್ಯ