ಕೈಗೆಟುಕದ ಕಡೆ

ಔಷಧ ನುಂಗಿದರೆ ಹೊಟ್ಟೆಗಾದರೂ ಗೊತ್ತಾಗುತ್ತೆ, ಅಂಟಿಸಿದ್ದು ಯಾರಿಗೆ ಗೊತ್ತು ಎಂದೋ ಏನೋ ಹೇಳಿ ನೀನು ನಗುತ್ತಿದ್ದೆಯಲ್ಲ ಅಮ್ಮ. ನಾನು ಈಗಲೂ ತೋಸು ಊರಿನ ಅದೇ ಕಾರ್ಖಾನೆಯಲ್ಲಿ, ಮರೆವಿನ ಕಾಯಿಲೆಯವರ ಮೈಗೆ ಅಂಟಿಸುವ ಔಷಧದ ಪಟ್ಟಿಗೆ ಅಂಟು ಹದಮಾಡುತ್ತಿದ್ದೇನೆ.

ಇವತ್ತು ಮತ್ಸುಯೆ ಎಂಬ ಅಜ್ಜಿ ಬಂದಿದ್ದರು. ಮರೆವಿನ ಕಾಯಿಲೆಯ ಗಂಡ ದಿನವೂ ಪಟ್ಟಿ ಕಿತ್ತುಹಾಕುತ್ತಾರೆಂದು ಹಿಂದೆ ನಮಗೆ ದೂರು ಕೊಟ್ಟಿದ್ದರು. ಇನ್ನೂ ಬಿಗಿಯಾಗಿ ಹಿಡಿಯುವ ಅಂಟನ್ನು ತೋರಿಸಿದೆ.

"ಬೇಡಪ್ಪ," ಎಂದರು. "ಅಂಟು ಹಿಡೀಲಿ ಅಂತ ಅಂಗೈಯಿಟ್ಟು ಒತ್ತಿ ಅಂದಿದ್ರಲ್ಲ, ಹಾಗೆ ಒತ್ತುವಾಗ ಮುದುಕ ಕಣ್ಣು ಮುಚ್ಕೊಂಡು ಕೂತಿರ್ತಾನೆ. ಕೈ ತೆಗೆದ್ರೆ ಸಾಕು, ಕಿತ್ತ. ದೂರು ಕೊಟ್ಟಾಗ ನಂಗೆ ಹೊಳೀಲಿಲ್ಲ. ಮದುವೆಯಾದ ಹೊಸದರಲ್ಲೂ ಇಷ್ಟು ಮುದ್ದು ಕೇಳಿರಲಿಲ್ಲ, ಕಳ್ಳ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನೂ ಕೀಳುತ್ತಿದ್ದೆ. ಕೈಗೆಟುಕದಿರಲೆಂದು ನಾನು ನಿನ್ನ ಬೆನ್ನಿನ ನಡುವೆ ಅಂಟಿಸಿ, ಗಟ್ಟಿಯಾಗಿ ಒಮ್ಮೆ ಒತ್ತಿ, ಕೆಲಸಕ್ಕೆ ಹೊರಡುತ್ತಿದ್ದೆ. ಆಮೇಲೆ ನೀನು ಕೀಳಲಿಲ್ಲ. ಔಷಧ ಹಿಡಿಯಿತು ಅಂದುಕೊಂಡೆ.

ಚಳಿಗಾಲದಲ್ಲೂ ನಾನು ಮನೆಗೆ ಬರುವ ಹೊತ್ತಿಗೆ ನೀನು ಅಂಗಿಯನ್ನು ಭುಜದಿಂದ ಇಳಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಿದ್ದೆ. ಕೇಳಿದರೆ ಸೆಕೆ ಅನ್ನುತ್ತಿದ್ದೆ. ನಿಜಕ್ಕೂ ಸೆಕೆಯಾಗುತ್ತಿತ್ತೇನಮ್ಮ?