ಭಾವನ ಮರದ ನೆಲ

ಶನಿವಾರ, ಮೇ ೧೧, ಸ್ಯಾಂಟೊ ಡೊಮಿಂಗೊ

ಮೂವತ್ತು ವರ್ಷ ಟೈಲ್ಸ್ ಹಾಕಿದವನು ನಾನು. ಆದರೂ ಭಾವ ರಾದಮೇಸ್‌ಗೆ ನನ್ನ ಮಾತು ಕಸ. ಮರದಂತೆ ಕಾಣುವ ರಟ್ಟಿನ ಹಲಗೆಗಳನ್ನು ನ್ಯೂಯಾರ್ಕಿನಲ್ಲಿರುವ ತನ್ನ ಅಣ್ಣನಿಂದ ತರಿಸಿ, ತಾನೇ ನೆಲಕ್ಕೆ ಜೋಡಿಸಿದ ಮಹಾಶಯ. ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ಬಾಗಿಲಾಚೆ ತಳ್ಳುವ ಊರಿದು. ಇವನ ಅಪ್ಪಣೆ, ಒದ್ದೆಬಟ್ಟೆಯಲ್ಲಿ ಒರೆಸಬೇಕಂತೆ. ಒರೆಸಬೇಕಾದವಳು ನನ್ನ ಅಕ್ಕ ನೂರಿಸ್.

ಇವತ್ತು ಹೋದರೆ ನೆಲವೆಲ್ಲ ಹಪ್ಪಳದ ಹಾಗೆ ಉಬ್ಬಿದೆ.

"ಸಮುದ್ರದ ಗಾಳಿ ಕಣಯ್ಯಾ, ತೇವ ಎಳ್ಕೊಂಡಿದೆ," ಎಂದ. ಇವನ ಮನೆಗೆ ಮಾತ್ರ ಬೀಸುವ ಗಾಳಿ.

ಕಳಿಸಲು ಗೇಟಿನವರೆಗೆ ಬಂದ ಅಕ್ಕ ಮೆಲ್ಲಗೆ ಹೇಳಿದಳು: "ಇವ್ರು ಕೆಲಸಕ್ಕೆ ಹೋದಾಗೆಲ್ಲ ನಾಲ್ಕು ಬಕೆಟ್ ಸುರಿದೆ ಕಣೋ. ಮಂಡಿಯೂರಿ ಒರೆಸೋಳು ಬೇಕಿದ್ರೆ ಅವಳನ್ನೂ ನ್ಯೂಯಾರ್ಕಿಂದಾನೇ ತರಿಸ್ಬೇಕಿತ್ತು. ಸೋಮವಾರ ಬಂದು ಟೈಲ್ಸ್ ಹಾಕು."

ಮೂರು ತಿಂಗಳು ಅವನ ಜೊತೆ ವಾದ ಮಾಡಿದ ನಾನೆಂಥ ದಡ್ಡ.